ಛತ್ರದಲ್ಲಿ ಜಾಗವಿಲ್ಲದ ರಾತ್ರಿ

ಡಿಸೆಂಬರ್ ತಿಂಗಳ ನಡುಭಾಗ ಬಂತೆಂದರೆ ಬೆಂಗಳೂರಿನ ಪಡುವಣ ಬಡಾವಣೆಗಳಲ್ಲಿ ಎರಡು ಬಗೆಯ ದೀಪಗಳು ಕಾಣಿಸಿಕೊಳ್ಳುತ್ತವೆ. ಧನುರ್ಮಾಸ ಹುಟ್ಟಿರುವುದರಿಂದ ನಸುಕಿನ ಚಳಿಯಲ್ಲೇ ದೇವಸ್ಥಾನದ ಬಾಗಿಲು ತೆರೆದು, ಬಿಸಿ ಹುಗ್ಗಿಯ ಪ್ರಸಾದಕ್ಕೆ ಸಾಲು ನಿಂತಿರುತ್ತದೆ. ಸಂಜೆಯಾಯಿತೆಂದರೆ ರಾಜಾಜಿನಗರದಲ್ಲೋ ವಿಜಯನಗರದಲ್ಲೋ ಬಸವೇಶ್ವರನಗರದಲ್ಲೋ ಸಾಲುಮನೆಗಳ ನಡುವೆ ಒಂದು ಮನೆಯ ಬಾಲ್ಕನಿಯಲ್ಲಿ ಕಾಗದದ ನಕ್ಷತ್ರ ಹೊತ್ತಿಕೊಳ್ಳುತ್ತದೆ. ಒಳಗೆ ಗೋದಲಿ ಕಟ್ಟುವ ಕೆಲಸ ನಡೆದಿರುತ್ತದೆ. ತೆಂಗಿನ ಚಿಪ್ಪಿನಲ್ಲಿ, ಹಳೆಯ ಡಬ್ಬಿಯಲ್ಲಿ ಮಣ್ಣು ತುಂಬಿ ಚೆಲ್ಲಿದ ರಾಗಿ, ಹಬ್ಬದ ಹೊತ್ತಿಗೆ ಬೆರಳುದ್ದ ಹಸಿರಾಗಿ ಬೆತ್ಲೆಹೇಮಿನ ಗೊಂಬೆಗಳ ಸುತ್ತ ಹೊಲವಾಗಿ ನಿಲ್ಲುತ್ತದೆ. ದಸರಾ ಗೊಂಬೆ ಕಂಡು ಬೆಳೆದ ಪಕ್ಕದ ಮನೆಯ ಮಕ್ಕಳಿಗೆ ಇದೇನೂ ಪರಕೀಯವಲ್ಲ. ‘ಇವರ ಮನೇಲಿ ಡಿಸೆಂಬರಿನಲ್ಲಿ ಗೊಂಬೆ ಕೂರಿಸ್ತಾರೆ’ ಎಂದುಕೊಂಡೇ ನೋಡಲು ಬರುತ್ತಾರೆ.

ಬಾಲ್ಕನಿಯ ಆ ನಕ್ಷತ್ರಕ್ಕೆ ಹುಟ್ಟೂರು ಒಂದಲ್ಲ, ಹಲವು. ಅವುಗಳಲ್ಲಿ ಒಂದು ಜರ್ಮನಿಯ ಪೂರ್ವದ ಮೂಲೆಯಲ್ಲಿ, ಹೆರ್ನ್‌ಹುಟ್ ಎಂಬ ಪುಟ್ಟ ಊರಿನ ಸುತ್ತಮುತ್ತ ಇದೆ. ಅಲ್ಲಿಯ ಮೊರೇವಿಯನ್ ಪಂಥದವರು 1732ರಿಂದಲೇ ತಮ್ಮ ಮಿಷನರಿಗಳನ್ನು ಕೆರಿಬಿಯನ್ ದ್ವೀಪಗಳಿಗೂ ಗ್ರೀನ್‌ಲ್ಯಾಂಡಿನ ಹಿಮಕ್ಕೂ ಕಳುಹಿಸತೊಡಗಿದ್ದರು. ತಂದೆತಾಯಿ ಸಮುದ್ರದಾಚೆ ಇದ್ದರೆ ಮಕ್ಕಳು ಓದಿಗಾಗಿ ಊರಿನ ವಸತಿಶಾಲೆಗಳಲ್ಲಿ ಉಳಿಯುತ್ತಿದ್ದರು. 19ನೇ ಶತಮಾನದಲ್ಲಿ ಇಂಥ ಶಾಲೆಗಳಲ್ಲಿ ರೇಖಾಗಣಿತದ ಪಾಠಕ್ಕೆಂದು ಕಾಗದ ಮಡಚಿ, ಅಂಟಿಸಿ, ಹಲವು ಮೊನೆಗಳ ನಕ್ಷತ್ರ ಮಾಡಿಸುತ್ತಿದ್ದರು. ಹಬ್ಬದ ಮುಂಚಿನ ವಾರಗಳಲ್ಲಿ ಅದರೊಳಗೆ ದೀಪವಿಟ್ಟು ಕೋಣೆಯಲ್ಲಿ ತೂಗುಹಾಕುತ್ತಿದ್ದರು. ಅದು ಅಂಗಡಿಗೆ ಬಂದದ್ದು 1897ರ ಹೊತ್ತಿಗೆ. ಅಂದರೆ ಈ ಅಲಂಕಾರದ ಬೆನ್ನಿಗೆ ಅಪ್ಪ ಅಮ್ಮ ಜೊತೆಗಿಲ್ಲದೆ ಹಬ್ಬ ಮಾಡಿದ ಮಕ್ಕಳಿದ್ದಾರೆ. ಧರ್ಮದ ಕೆಲಸಕ್ಕೆಂದು ಪರದೇಶಕ್ಕೆ ಹೋದವರ ಕ್ರಿಸ್ಮಸ್ ಕತೆಯನ್ನು ಹೇಳಹೊರಟರೆ ಈ ಮಕ್ಕಳನ್ನು ಮರೆಯುವಂತಿಲ್ಲ.

ಕನ್ನಡನಾಡಿಗೂ ಅಂಥವರು ಬಂದರು. ಸ್ವಿಟ್ಜರ್‌ಲೆಂಡಿನ ಬಾಸೆಲ್ ನಗರದಲ್ಲಿ 1815ರಲ್ಲಿ ಸ್ಥಾಪನೆಯಾದ ಬಾಸೆಲ್ ಮಿಶನ್ ಕಳುಹಿಸಿದ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು 1834ರ ಅಕ್ಟೋಬರ್ 30ರಂದು ಮಂಗಳೂರಿನಲ್ಲಿ ಇಳಿದರು. ಸರಿಯಾಗಿ ಎಂಟು ವಾರಕ್ಕೆ ಕ್ರಿಸ್ಮಸ್ ಬಂತು. ಹಿಮವಿಲ್ಲ, ತಮ್ಮೂರಿನ ಮೊನಚಾದ ಫರ್ ಮರವಿಲ್ಲ, ಕಿಟಕಿ ಮುಚ್ಚಿ ಒಲೆಯ ಸುತ್ತ ಕೂರುವ ಚಳಿಯಿಲ್ಲ. ತೆಂಗಿನ ತೋಟ, ಉಪ್ಪುಗಾಳಿ, ಕೊಯ್ಲು ಮುಗಿದ ಗದ್ದೆ. ಹಬ್ಬವನ್ನು ತಾವು ಹೊತ್ತು ತಂದೆವೆಂದುಕೊಳ್ಳುವ ಹಾಗೂ ಇರಲಿಲ್ಲ. ಗೋವೆಯ ಕಡೆಯಿಂದ ಬಂದು ನೆಲೆಸಿದ್ದ ಕೊಂಕಣಿ ಕಥೋಲಿಕರು ಆ ಊರಿನಲ್ಲಿ ತಲೆಮಾರುಗಳಿಂದ ಕ್ರಿಸ್ಮಸ್ ಆಚರಿಸುತ್ತಿದ್ದರು. ಅವರ ‘ಕುಸ್ವಾರ್’ ತಿಂಡಿಗಳ ತಟ್ಟೆಯಲ್ಲಿ ಇಂದಿಗೂ ನೆವ್ರಿ, ಕಿಡಿಯೊ, ಗುಳಿಯೊಗಳ ಪಕ್ಕದಲ್ಲೇ ಚಕ್ಕುಲಿ ಕೂತಿರುತ್ತದೆ. ನೆವ್ರಿಯೆಂದರೆ ಬೇರೇನಲ್ಲ, ಗೌರಿಹಬ್ಬದ ಕರ್ಜಿಕಾಯಿಯ ಅಕ್ಕತಂಗಿ. ಯಾವ ಹಬ್ಬವೂ ಊರಿನ ಅಡುಗೆಮನೆಯ ಅಪ್ಪಣೆಯಿಲ್ಲದೆ ಆ ಊರಿನದಾಗುವುದಿಲ್ಲ.

ಅಡುಗೆಮನೆಯ ಹಾಗೆಯೇ ಮಾತಿನ ಅಪ್ಪಣೆಯೂ ಬೇಕು. ಕ್ರಿಸ್ತ ಹುಟ್ಟಿದ ಕತೆಯನ್ನು ಕನ್ನಡದಲ್ಲಿ ಹೇಳುವುದಕ್ಕೆ ಕನ್ನಡದ ಪದಗಳನ್ನೇ ಬೇಡಿ ಪಡೆಯಬೇಕಿತ್ತು. ಬಾಸೆಲ್‌ನವರಿಗಿಂತ ಮೊದಲೇ, 1810ರಲ್ಲಿ ಬಳ್ಳಾರಿಗೆ ಬಂದ ಲಂಡನ್ ಮಿಶನ್ನಿನ ಜಾನ್ ಹ್ಯಾಂಡ್ಸ್ ಮತ್ತು ಅವರ ಜೊತೆಗಾರರು ಬೈಬಲನ್ನು ಕನ್ನಡಕ್ಕೆ ತರುವ ಕೆಲಸಕ್ಕೆ ಕೈಹಾಕಿದ್ದರು. ಅಲ್ಲಿಂದ ಮುಂದೆ ಕನ್ನಡ ಬೈಬಲಿನಲ್ಲಿ ಬೇರೂರಿದ ಮೂರು ಮಾತುಗಳನ್ನು ಗಮನಿಸಬೇಕು. ಮರಿಯಳಿಗೂ ಯೋಸೇಫನಿಗೂ ಜಾಗ ಸಿಗದೆ ಹೋದದ್ದು ‘ಛತ್ರ’ದಲ್ಲಿ. ಕೂಸನ್ನು ಮಲಗಿಸಿದ್ದು ದನಗಳಿಗೆ ಮೇವು ಹಾಕುವ ‘ಗೋದಲಿ’ಯಲ್ಲಿ. ಸುದ್ದಿಯನ್ನು ಮೊದಲು ಕೇಳಿದವರು ರಾತ್ರಿ ಹಿಂಡು ಕಾಯುತ್ತಿದ್ದ ‘ಕುರುಬರು’. ಮೂರಕ್ಕೂ ವಿವರಣೆ ಬೇಡ. ಛತ್ರವೆಂದರೆ ದಾರಿಹೋಕನಿಗೆ ತಲೆ ಊರಲು ಧರ್ಮಾತ್ಮರು ಕಟ್ಟಿಸಿದ ಜಾಗ. ಅಲ್ಲಿಯೂ ಜಾಗವಿಲ್ಲವೆಂದರೆ ಬಸುರಿ ಹೆಂಗಸಿನ ಪಾಡೇನೆಂದು ಯಾವ ಹಳ್ಳಿಯ ಅಜ್ಜಿಗಾದರೂ ಅರ್ಥವಾಗುತ್ತದೆ. ಪರದೇಶಿ ಪಾದ್ರಿ ಆ ಅಜ್ಜಿಗೆ ಕತೆ ಕೊಟ್ಟ. ಕತೆಗೆ ಜೀವ ಬಂದದ್ದು ಅಜ್ಜಿಯ ಮಾತಿನಿಂದ. ಇಬ್ಬರಲ್ಲಿ ಯಾರು ಯಾರಿಗೆ ಋಣಿಯೆಂದು ಹೇಳುವುದು ಸುಲಭವಲ್ಲ.

ಹಾಗೆಂದು ಈ ಕೊಡುಕೊಳೆಯೆಲ್ಲ ಸುಖವಾಗಿ ನಡೆಯಿತೆಂದು ತಿಳಿಯಬಾರದು. ಮಂಗಳೂರಿನ ಸಾರಸ್ವತ ಬ್ರಾಹ್ಮಣ ಮನೆತನದಲ್ಲಿ 1825ರಲ್ಲಿ ಹುಟ್ಟಿದ ಆನಂದರಾಯ ಕೌಂಡಿನ್ಯರ ಬಾಳು ಅದಕ್ಕೆ ಸಾಕ್ಷಿ. ಮುಂದೆ ‘ಮಂಗಳೂರ ಸಮಾಚಾರ’ದ ಸಂಪಾದಕರೆಂದು ಹೆಸರಾದ ಹೆರ್ಮನ್ ಮೋಗ್ಲಿಂಗ್ 1836ರಲ್ಲಿ ಬಂದು ಮಂಗಳೂರಿನಲ್ಲಿ ಹುಡುಗರಿಗೆ ಕಲಿಸುತ್ತಿದ್ದರು. ಅವರ ಪ್ರಭಾವಕ್ಕೆ ಬಂದ ಆನಂದರಾಯರು 1844ರಲ್ಲಿ ಕ್ರೈಸ್ತರಾದರು. ಊರಿನಲ್ಲಿ ಕೋಲಾಹಲವೆದ್ದಿತು. ಕೈಹಿಡಿದ ಹೆಂಡತಿ ಜೊತೆಗೆ ಬರಲಿಲ್ಲ. ಹುಟ್ಟಿದ ಮನೆಯ ಬಾಗಿಲು ಮುಚ್ಚಿತು. 1846ರಲ್ಲಿ ಮೋಗ್ಲಿಂಗರೊಡನೆ ಹಡಗು ಹತ್ತಿ ಬಾಸೆಲ್‌ಗೆ ಹೋದ ಅವರು ಅಲ್ಲಿಯ ಮಿಶನ್ ಶಾಲೆಯಲ್ಲಿ 1851ರವರೆಗೆ ಓದಿ, ದೀಕ್ಷೆ ಪಡೆದು, ಬಾಸೆಲ್ ಮಿಶನ್ನಿನ ಮೊದಲ ಭಾರತೀಯ ಮಿಷನರಿಯಾಗಿ ಹಿಂದಿರುಗಿದರು.

ಕರಾವಳಿಯ ಹುಡುಗನಿಗೆ ಬಾಸೆಲ್‌ನ ಡಿಸೆಂಬರ್ ಎಂದರೆ ಏನು? ಸಂಜೆ ಐದಕ್ಕೂ ಮೊದಲೇ ಕವಿಯುವ ಕತ್ತಲು, ಎಲೆಯುದುರಿದ ಬೋಳು ಮರಗಳು, ರೈನ್ ನದಿಯ ಮೇಲಿಂದ ಬೀಸುವ ಕೊರೆಯುವ ಗಾಳಿ. ಜರ್ಮನ್ ಸೀಮೆಗಳಲ್ಲಿ ಹಬ್ಬದ ದೊಡ್ಡ ಘಳಿಗೆ 24ರ ಸಂಜೆ. ಮನೆಮಂದಿಯೆಲ್ಲ ಒಳಗೆ ಸೇರಿ, ಬಾಗಿಲು ಹಾಕಿಕೊಂಡು, ಮೇಣದ ಬತ್ತಿ ಹೊತ್ತಿಸುವ ಹೊತ್ತು ಅದು. ಹಬ್ಬಕ್ಕೆ ದಿನ ಎಣಿಸಲೆಂದು ಬತ್ತಿಗಳ ಚಕ್ರ ಹೊತ್ತಿಸುವ ಪದ್ಧತಿ ಆಗಷ್ಟೇ ಹುಟ್ಟಿತ್ತು. 1839ರಲ್ಲಿ ಹ್ಯಾಂಬರ್ಗ್ ನಗರದಲ್ಲಿ ವಿಖರ್ನ್ ಎಂಬ ಪಾದ್ರಿ, ತಮ್ಮ ಆಶ್ರಯದಲ್ಲಿದ್ದ ಬಡ ಮಕ್ಕಳು ‘ಹಬ್ಬ ಯಾವಾಗ’ ಎಂದು ದಿನವೂ ಕೇಳುವುದಕ್ಕೆ ಉತ್ತರವಾಗಿ ಗಾಡಿಯ ಚಕ್ರದ ಮೇಲೆ ಬತ್ತಿಗಳನ್ನು ನಿಲ್ಲಿಸಿದ್ದರು. ಆನಂದರಾಯರು ಬಿಟ್ಟು ಬಂದದ್ದು ದೀಪಾವಳಿಯ ಹಣತೆಗಳನ್ನು. ಎದುರಿಗಿದ್ದದ್ದು ಮೇಣದ ಬತ್ತಿಗಳು. ಬೆಳಕಿಗೇನೋ ಭೇದವಿಲ್ಲ. ಆದರೆ ಹಣತೆ ಹಚ್ಚುತ್ತಿದ್ದ ಕೈಗಳು ಯಾರವೆಂಬುದನ್ನು ಮನುಷ್ಯ ಮರೆಯುವುದು ಕಷ್ಟ.

ಹಿಂದಿರುಗಿದ ಮೇಲೆ ಅವರು ಮೋಗ್ಲಿಂಗರೊಡನೆ ಕೊಡಗಿನಲ್ಲಿ, ಊರಿನಲ್ಲಿ ಯಾರೂ ಹತ್ತಿರ ಸೇರಿಸದ ಹೊಲೆಯರಿಗಾಗಿ ನೆಲೆಯೊಂದನ್ನು ಕಟ್ಟಲು ನೆರವಾದರು. ಆನಂದಪುರ ಎಂಬ ಆ ಹಳ್ಳಿ ಈಗಲೂ ಇದೆ. ಮುಂದೆ ಜರ್ಮನ್ ಮಹಿಳೆಯೊಬ್ಬರನ್ನು ಮದುವೆಯಾಗಿ, 1893ರಲ್ಲಿ ಮಂಗಳೂರಿನಲ್ಲೇ ತೀರಿಕೊಂಡರು. ತನ್ನ ಮನೆಯಲ್ಲಿ ಜಾಗ ಕಳೆದುಕೊಂಡವನು ಜಾಗವೇ ಇಲ್ಲದವರಿಗೆ ಜಾಗ ಹುಡುಕಿಕೊಟ್ಟ. ಅವರ ಮತಾಂತರವನ್ನು ಒಪ್ಪುವವರೂ ಒಪ್ಪದವರೂ ಇಷ್ಟನ್ನು ಗಮನಿಸಬಹುದು.

ಬಾಸೆಲ್‌ನಿಂದ ಬಂದವರು ತೆತ್ತ ಬೆಲೆಯೂ ಚಿಕ್ಕದಲ್ಲ. ಇಲ್ಲಿಯ ಬಿಸಿಲು, ಜ್ವರ, ಭೇದಿಗಳಿಗೆ ಹೆದರಿ, ಓದಿನ ನೆಪವೂ ಸೇರಿ, ತಮ್ಮ ಮಕ್ಕಳನ್ನು ಎಳೆಯ ವಯಸ್ಸಿನಲ್ಲೇ ಯುರೋಪಿಗೆ ಕಳುಹಿಸುತ್ತಿದ್ದರು. ಅಂಥ ಮಕ್ಕಳಿಗೆಂದೇ ಬಾಸೆಲ್‌ನಲ್ಲಿ 1853ರಲ್ಲಿ ಒಂದು ನಿಲಯ ತೆರೆಯಿತು. ಮಲಯಾಳಂ ನಿಘಂಟುಕಾರ ಹೆರ್ಮನ್ ಗುಂಡರ್ಟರ ಮಗಳು ಮರೀ 1842ರಲ್ಲಿ ತಲಶ್ಶೇರಿಯಲ್ಲಿ ಹುಟ್ಟಿದವಳು. ಪುಟ್ಟ ಹುಡುಗಿಯಾಗಿದ್ದಾಗಲೇ ಯುರೋಪಿಗೆ ಕರೆದೊಯ್ದು ಅಲ್ಲಿ ಬಿಟ್ಟು ಬಂದರು. ಅವಳು ಮತ್ತೆ ಭಾರತದ ನೆಲ ಮೆಟ್ಟಿದ್ದು 1857ರಲ್ಲಿ, ಹದಿನೈದರ ಹರೆಯದಲ್ಲಿ. ನಡುವಿನ ಕ್ರಿಸ್ಮಸ್‌ಗಳೆಲ್ಲ ಕಾಗದದ ಮೇಲೆ ಕಳೆದವು. ಸೂಯೆಜ್ ಕಾಲುವೆ ತೆರೆದದ್ದು 1869ರಲ್ಲಿ. ಅದಕ್ಕೆ ಮುಂಚೆ ಕಾಗದ ತಲುಪುವ ಹೊತ್ತಿಗೆ ಹಬ್ಬ ಹಳೆಯದಾಗಿರುತ್ತಿತ್ತು. ಈ ಮರೀಯ ಮಗನೇ ‘ಸಿದ್ಧಾರ್ಥ’ ಬರೆದು, 1946ರಲ್ಲಿ ನೊಬೆಲ್ ಬಹುಮಾನ ಪಡೆದ ಹೆರ್ಮನ್ ಹೆಸ್ಸೆ.

ಕನ್ನಡಿಗರಿಗೆ ಎಲ್ಲರಿಗಿಂತ ಹತ್ತಿರದವರಾದ ಫರ್ಡಿನೆಂಡ್ ಕಿಟೆಲ್ 1853ರಲ್ಲಿ ಬಂದಾಗ ಅವರಿಗೆ ಇಪ್ಪತ್ತೊಂದು ವರ್ಷ. ಜರ್ಮನಿಯ ಉತ್ತರದ ಕಡಲ ತೀರದ ಪಾದ್ರಿಯ ಮಗ. ಧಾರವಾಡದ ಸೀಮೆಯಲ್ಲಿ ಜನರ ನಡುವೆ ಓಡಾಡಿ ಮಾತು ಕಲಿತರು. ಕಲಿತ ಮಾತಿನಲ್ಲಿ ಮೊದಲು ಮಾಡಿದ ಕೆಲಸಗಳಲ್ಲಿ ಒಂದು ‘ಕಥಾಮಾಲೆ’. ಕ್ರಿಸ್ತನ ಬಾಳನ್ನು ಕನ್ನಡ ಕಾವ್ಯದ ಮಟ್ಟಿನಲ್ಲಿ ಹೇಳುವ ಈ ಕೃತಿ 1862ರಲ್ಲಿ ಪ್ರಕಟವಾಯಿತು. ಪುರಾಣ ಕೇಳಿ ಬೆಳೆದ ಕಿವಿಗೆ ಗದ್ಯದ ಉಪದೇಶ ಇಳಿಯುವುದಿಲ್ಲವೆಂದು ಅವರಿಗೆ ತಿಳಿದಿತ್ತು. ಎರಡೇ ವರ್ಷಕ್ಕೆ, 1864ರಲ್ಲಿ, ಅವರ ಹೆಂಡತಿ ಪೌಲೀನ ತೀರಿಕೊಂಡರು. ಆ ಮನೆಯಲ್ಲಿ ಆ ವರ್ಷದ ಹಬ್ಬ ಹೇಗಿದ್ದೀತೆಂದು ಊಹಿಸುವುದಕ್ಕೆ ಕ್ರೈಸ್ತರಾಗಿರಬೇಕಿಲ್ಲ. ಸಾವಾದ ಮನೆಯಲ್ಲಿ ಮೊದಲ ಯುಗಾದಿ ಕಳೆದವರಿಗೆಲ್ಲ ಅದು ಗೊತ್ತು.

ಸುಮಾರು ಎಪ್ಪತ್ತು ಸಾವಿರ ಪದಗಳ ಕನ್ನಡ-ಇಂಗ್ಲಿಷ್ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾಗುವ ಹೊತ್ತಿಗೆ ಕಿಟೆಲ್ ಜರ್ಮನಿಗೆ ಮರಳಿದ್ದರು. ಮರಳಿದ ಮೇಲಾದರೂ ಅವರು ಕನ್ನಡವನ್ನು ಬಿಡಲಿಲ್ಲ, ಕನ್ನಡ ಅವರನ್ನು ಬಿಡಲಿಲ್ಲ. ಅವರ ಕನ್ನಡ ವ್ಯಾಕರಣ ಹೊರಬಂದದ್ದು 1903ರಲ್ಲಿ. ಅದೇ ವರ್ಷ ಡಿಸೆಂಬರ್ 18ರಂದು, ಕ್ರಿಸ್ಮಸ್‌ಗೆ ಒಂದು ವಾರವಿರುವಾಗ, ಟ್ಯೂಬಿಂಗೆನ್ ಪಟ್ಟಣದಲ್ಲಿ ತೀರಿಕೊಂಡರು. ಸುತ್ತ ಹಬ್ಬದ ತಯಾರಿ, ಹುಟ್ಟುನಾಡಿನ ಚಳಿ, ಮೇಜಿನ ಮೇಲೆ ಧಾರವಾಡದ ಮಾತು. ಆ ಮನುಷ್ಯನಿಗೆ ಪರದೇಶ ಯಾವುದಾಗಿತ್ತು?

ಬೀಳ್ಕೊಡುಗೆಯ ಭಾಗ್ಯವೂ ಎಲ್ಲರದಾಗಲಿಲ್ಲ. 1914ರಲ್ಲಿ ಮೊದಲ ಮಹಾಯುದ್ಧ ಶುರುವಾದೊಡನೆ, ನಿನ್ನೆಯವರೆಗೆ ‘ಅಯ್ಯನವರು’ ಆಗಿದ್ದ ಜರ್ಮನ್ ಪಾದ್ರಿಗಳು ಬ್ರಿಟಿಷ್ ಸರ್ಕಾರದ ಕಣ್ಣಿಗೆ ಶತ್ರುದೇಶದವರಾದರು. ಹಲವರನ್ನು ಅಹಮದ್‌ನಗರದ ಶಿಬಿರದಲ್ಲಿ ಕೂಡಿಹಾಕಿ, ಮುಂದೆ ಹಡಗಿನಲ್ಲಿ ದೇಶದಾಚೆ ಕಳುಹಿಸಿದರು. ಅದೇ 1914ರ ಕ್ರಿಸ್ಮಸ್ ರಾತ್ರಿ ಯುರೋಪಿನ ಪಶ್ಚಿಮ ರಣರಂಗದಲ್ಲಿ ಅಲ್ಲಲ್ಲಿ ಬ್ರಿಟಿಷ್ ಮತ್ತು ಜರ್ಮನ್ ಸಿಪಾಯಿಗಳು ಕಂದಕದಿಂದೆದ್ದು ಬಂದು ಕೈಕುಲುಕಿ, ಹಾಡಿ, ತಿಂಡಿ ಹಂಚಿಕೊಂಡದ್ದುಂಟು. ಪಾದ್ರಿಗಳು ಹೋದರೂ ಕನ್ನಡ, ತುಳು ಸಭೆಗಳಲ್ಲಿ ಹಬ್ಬ ನಿಲ್ಲಲಿಲ್ಲ. ಊರಿನವರೇ ದೀಪ ಹಚ್ಚಿದರು, ಊರಿನವರೇ ಹಾಡಿದರು. ಅಷ್ಟರಲ್ಲಿ ಅದು ಯಾರೋ ತಂದ ಹಬ್ಬವಾಗಿ ಉಳಿದಿರಲಿಲ್ಲ.

ಈಗ ದಾರಿ ತಿರುಗಿದೆ. ಮೈಸೂರು ರಸ್ತೆಯಲ್ಲಿ, ಕೆಂಗೇರಿಯ ಆಚೀಚೆ, ಕ್ರೈಸ್ತ ಸಂಘಗಳ ಮಠಗಳೂ ಪಾದ್ರಿಗಳಾಗುವವರ ತರಬೇತಿ ಮನೆಗಳೂ ಹಲವಿವೆ. ಇಂಥ ಮನೆಗಳಲ್ಲಿ ಪಳಗಿದವರು ದೇಶದ ಮೂಲೆಮೂಲೆಗೂ ಆಫ್ರಿಕಕ್ಕೂ ಯುರೋಪಿಗೂ ಹೋಗುತ್ತಾರೆ. ಜರ್ಮನಿಯಲ್ಲಿ ಪಾದ್ರಿಗಳಾಗಲು ಮುಂದೆ ಬರುವವರ ಸಂಖ್ಯೆ ದಶಕಗಳಿಂದ ಇಳಿಯುತ್ತ ಬಂದಿದೆ. ಹೊರದೇಶಗಳಿಂದ ಹೋಗಿ ಅಲ್ಲಿಯ ಚರ್ಚುಗಳನ್ನು ನಡೆಸುವವರಲ್ಲಿ ಭಾರತೀಯರು ಬಹಳ ಮಂದಿ. ಹೆಬಿಕ್, ಮೋಗ್ಲಿಂಗ್, ಕಿಟೆಲರನ್ನು ಕಳುಹಿಸಿದ ಸೀಮೆಗೇ ಇಂದು ಇಲ್ಲಿಂದ ಜನ ಹೋಗುವಂತಾಗಿದೆ.

ಹೀಗೆ ಹೋದವರಲ್ಲಿ ಒಬ್ಬರನ್ನು ಮನಸ್ಸಿಗೆ ತಂದುಕೊಳ್ಳಬಹುದು. ತಾಯಿಯ ಮನೆ ಬಸವೇಶ್ವರನಗರದಲ್ಲಿ. ಅವರ ಪಾಲಿಗೆ ಬಂದದ್ದು ಬವೇರಿಯದ ಹಳ್ಳಿಗಾಡು. ಒಂದಲ್ಲ, ಮೂರು ಚರ್ಚುಗಳ ಹೊಣೆ. 24ರಂದು ಮಧ್ಯಾಹ್ನವೇ ಅಂಗಡಿಗಳೆಲ್ಲ ಮುಚ್ಚುತ್ತವೆ. ನಾಲ್ಕೂವರೆಗೆ ಕತ್ತಲು. ಬೀದಿಯಲ್ಲಿ ನರಪಿಳ್ಳೆಯಿಲ್ಲ. ರಾಜಾಜಿನಗರದಲ್ಲಾದರೆ ಈ ಹೊತ್ತಿಗೆ ಬೇಕರಿಯ ಮುಂದೆ ನೂಕುನುಗ್ಗಲು, ಹೊಸ ಬಟ್ಟೆಯ ಮಕ್ಕಳ ಓಡಾಟ, ಬಂದುಹೋಗುವವರಿಗಾಗಿ ತೆರೆದಿಟ್ಟ ಬಾಗಿಲು. ಅಲ್ಲಿ ಹಬ್ಬವೆಂದರೆ ಮನೆಯವರಷ್ಟೇ ಒಳಗೆ ಸೇರಿ ಬಾಗಿಲು ಹಾಕಿಕೊಳ್ಳುವುದು. ಹಬ್ಬದೂಟವೆಂದು ಬಿರಿಯಾನಿಯ ಕನಸು ಕಂಡವರಿಗೆ, ಆ ಸಂಜೆ ಎಷ್ಟೋ ಜರ್ಮನ್ ಮನೆಗಳಲ್ಲಿ ಬಡಿಸುವುದು ಆಲೂಗೆಡ್ಡೆಯ ಸಲಾಡು ಮತ್ತು ಸಾಸೇಜು ಎಂದು ತಿಳಿದಾಗ ಆಗುವ ನಿರಾಸೆಯನ್ನು ಬಾಯಿಬಿಟ್ಟು ಹೇಳುವಂತಿಲ್ಲ. ಮೂರು ಹಳ್ಳಿಗಳಲ್ಲಿ ಪೂಜೆ ಮುಗಿಸಿ, ಎಲ್ಲರ ಕೈಕುಲುಕಿ ಶುಭ ಹಾರೈಸಿ, ಕೊನೆಗೆ ಹಿಮದಲ್ಲಿ ಒಬ್ಬರೇ ಮನೆಗೆ ನಡೆಯುವ ಪಾದ್ರಿಯ ಹೊಟ್ಟೆಯಲ್ಲಿ ಹಸಿವಿಗಿಂತ ಬೇರೇನೋ ಸಂಕಟ.

ಚಳಿಗಾಲದಲ್ಲಿ ಅಲ್ಲಿಗೂ ಇಲ್ಲಿಗೂ ನಾಲ್ಕೂವರೆ ಗಂಟೆಯ ಅಂತರ. ಇಲ್ಲಿ ನಡುರಾತ್ರಿಯ ಪೂಜೆಗೆ ಗಂಟೆ ಹೊಡೆಯುವಾಗ ಅಲ್ಲಿ ಸಂಜೆ ಏಳೂವರೆ. ಚರ್ಚಿಗೆ ಹೊರಡುವ ಮುನ್ನ ತಾಯಿ ಫೋನು ಮಾಡುತ್ತಾರೆ. ಮಗನಿಗೆ ದೀಕ್ಷೆಯಾದ ದಿನದಿಂದ ನಾಲ್ಕು ಜನರ ಎದುರು ‘ಫಾದರ್’ ಎಂದೇ ಕರೆಯುವ ತಾಯಿ, ಫೋನಿನಲ್ಲಿ ಮಾತ್ರ ಹಳೆಯ ರೂಢಿಗೆ ಬರುತ್ತಾರೆ.

‘ಏನಪ್ಪಾ, ಊಟ ಆಯ್ತಾ?’

‘ಇನ್ನೂ ಇಲ್ಲಮ್ಮ. ಎರಡು ಪೂಜೆ ಮುಗೀತು, ಇನ್ನೊಂದಿದೆ.’

‘ಯಾರಾದ್ರೂ ಊಟಕ್ಕೆ ಕರೆದಿದಾರಾ?’

ಆ ಪ್ರಶ್ನೆಗೆ ಉತ್ತರ ತಡವಾದರೆ ತಾಯಿಗೆ ಅರ್ಥವಾಗುತ್ತದೆ. ಹಬ್ಬದ ದಿನ ಯಾರೂ ಊಟಕ್ಕೆ ಕರೆಯದ ಊರು ಎಂಥದೆಂದು ಆಕೆ ಮರುಗುತ್ತಾರೆ. ಊರು ಕೆಟ್ಟದ್ದಲ್ಲ. ಹಬ್ಬದ ರಾತ್ರಿ ಒಂದು ಮನೆಯವರ ಏಕಾಂತವನ್ನು ಕದಡಬಾರದೆಂಬುದು ಅಲ್ಲಿಯ ಮರ್ಯಾದೆ. ಕರೆಯದಿರುವುದರಲ್ಲೂ ಮರ್ಯಾದೆಯಿರಬಹುದೆಂಬುದನ್ನು ಒಪ್ಪಲು ಪರದೇಶಕ್ಕೆ ಹೋದವನಿಗೆ ಒಂದೆರಡು ಚಳಿಗಾಲ ಬೇಕು. ಒಂಟಿ ಮನುಷ್ಯನೊಬ್ಬ ಪಕ್ಕದಲ್ಲೇ ಇದ್ದಾನೆಂಬುದನ್ನು ಗಮನಿಸಲು ಆ ಊರಿಗೂ ಅಷ್ಟೇ ಕಾಲ ಬೇಕು. ಆಮೇಲೆ ಯಾವುದೋ ವರ್ಷ ವಯಸ್ಸಾದ ದಂಪತಿ 25ರ ಮಧ್ಯಾಹ್ನದ ಊಟಕ್ಕೆ ಹೇಳಿ ಕಳುಹಿಸುತ್ತಾರೆ. ಬರಿಗೈಲಿ ಹೋಗುವುದು ಹೇಗೆ? ರವೆ ಅಲ್ಲಿಯೂ ಸಿಗುತ್ತದೆ. ತಾಯಿ ಫೋನಿನಲ್ಲೇ ಹೇಳಿಕೊಟ್ಟ ಹದಕ್ಕೆ ನಾಲ್ಕು ರವೆ ಉಂಡೆ ಕಟ್ಟಿ ಡಬ್ಬಿಯಲ್ಲಿ ಒಯ್ಯುತ್ತಾರೆ. ಮರಳುವಾಗ ಆ ಅಜ್ಜಿ ಡಬ್ಬಿಯನ್ನು ಖಾಲಿ ಕೊಡುವುದಿಲ್ಲ; ದಾಲ್ಚಿನ್ನಿ ಹಾಕಿದ ನಕ್ಷತ್ರದಾಕಾರದ ಬಿಸ್ಕತ್ತು ತುಂಬಿಸಿ ಕೊಡುತ್ತಾರೆ. ಹಬ್ಬದ ತಟ್ಟೆಯನ್ನು ಬರಿದಾಗಿ ಹಿಂದಿರುಗಿಸಬಾರದು, ಕಡೆಗೆ ಒಂದು ಚಮಚ ಸಕ್ಕರೆಯಾದರೂ ಹಾಕಬೇಕೆಂಬ ಬಸವೇಶ್ವರನಗರದ ಹೆಂಗಸರ ಕಟ್ಟಳೆ ಬವೇರಿಯದ ಅಜ್ಜಿಗೆ ಯಾರೂ ಹೇಳಿಕೊಟ್ಟದ್ದಲ್ಲ.

ಪರದೇಶದಲ್ಲಿ ಕ್ರಿಸ್ಮಸ್ ಕಳೆಯುವ ಮಿಷನರಿ ಕಲಿಯುವುದು ಬಹುಶಃ ಇದನ್ನೇ. ಆತ ಹೋಗುವುದು ಕೊಡಲಿಕ್ಕೆಂದು: ಉಪದೇಶ, ಆಸ್ಪತ್ರೆ, ಶಾಲೆ, ಪೂಜೆ. ಹಬ್ಬದ ರಾತ್ರಿ ಮಾತ್ರ ಕೊಡುವ ಕೈ ಕೆಳಗಾಗುತ್ತದೆ. ಯಾರಾದರೂ ಬಾಗಿಲು ತೆರೆಯದಿದ್ದರೆ ಆತನೂ ದಾರಿಹೋಕನೇ. ಆತ ಸಾರಲು ಹೊರಟ ಕತ್ತೆಯಲ್ಲಿ, ದನದ ಕೊಟ್ಟಿಗೆಯಲ್ಲಿ, ಪರ ಊರಿನಲ್ಲಿ ಹೆತ್ತ ತಾಯಿಯ ಕತೆಯಲ್ಲಿ ಇರುವುದೂ ಅದೇ. ಪೋಲೆಂಡಿನ ಮನೆಗಳಲ್ಲಿ ಆ ರಾತ್ರಿ ಊಟದ ಮೇಜಿನ ಮೇಲೆ ಒಂದು ತಟ್ಟೆಯನ್ನು ಹೆಚ್ಚಿಗೆ ಇಡುವ ವಾಡಿಕೆಯಿದೆ. ಕರೆಯದೆ ಬರುವ ಅತಿಥಿಗೆಂದು ಮೀಸಲಿಟ್ಟ ತಟ್ಟೆ ಅದು.

ವಿಜಯನಗರ, ಬಸವೇಶ್ವರನಗರಗಳಲ್ಲಿ ನಕ್ಷತ್ರಗಳು ತೂಗುವ ಬೀದಿಗಳಲ್ಲೇ ‘ಮನೆ ಬಾಡಿಗೆಗಿದೆ’ ಎಂಬ ಬೋರ್ಡುಗಳೂ ತೂಗುತ್ತವೆ. ಊರಿಂದ ಹೊಸದಾಗಿ ಬಂದವರು ಬಾಗಿಲು ತಟ್ಟಿದರೆ ಸಂಬಳ ಎಷ್ಟೆಂದು ಕೇಳುವ ಮೊದಲೇ ‘ನೀವು ಯಾವ ಜನ?’ ಎಂದು ಕೇಳುವುದುಂಟು. ಉತ್ತರ ಸರಿಹೊಂದದಿದ್ದರೆ ಮನೆ ಆಗಲೇ ಬೇರೆಯವರಿಗೆ ಆಗಿಹೋಗಿರುತ್ತದೆ. ಕೇಳುವವರಲ್ಲಿ ಎಲ್ಲ ಮತದವರೂ ಇದ್ದಾರೆ. ಕೇಳಿಸಿಕೊಂಡು ಮೆಟ್ಟಿಲಿಳಿಯುವವರಲ್ಲೂ ಎಲ್ಲ ಮತದವರೂ ಇದ್ದಾರೆ. 1949ರಲ್ಲಿ ಅಸ್ತಿಭಾರ ಹಾಕಿದ ರಾಜಾಜಿನಗರಕ್ಕೆ, ಆಮೇಲೆ ಬೆಳೆದ ಸುತ್ತಲಿನ ಬಡಾವಣೆಗಳಿಗೆ, ಒಂದು ಕಾಲದಲ್ಲಿ ಬಂದು ನೆಲೆಸಿದವರೆಲ್ಲ ಬೇರೆಲ್ಲಿಂದಲೋ ಟ್ರಂಕು ಹೊತ್ತು ಬಂದವರೇ. ಈ ಬಾರಿ ನಕ್ಷತ್ರ ತೂಗುಹಾಕುವಾಗ ಮನೆಯ ಹಿರಿಯರು ಮಕ್ಕಳಿಗೆ ಬೆತ್ಲೆಹೇಮಿನ ಛತ್ರದ ಮಾತು ಹೇಳುತ್ತಾರಲ್ಲ, ಆಗ ತಾವು ಮೊದಲ ಸಲ ಬಾಡಿಗೆ ಮನೆ ಹುಡುಕಿದ ಕತೆಯನ್ನೂ ಒಂದಿಷ್ಟು ಸೇರಿಸಿ ಹೇಳಿದರೆ ತಪ್ಪಿಲ್ಲ.